ಪರದೇಶದಲ್ಲಿ ಹಣ ಬದಲಿಸುವಾಗ



ಹಳೆಯ ಬಳೆ ಕೊಟ್ಟು ಹೊಸದು ತರಲು ಅಮ್ಮ ಚಿನ್ನದಂಗಡಿಗೆ ಹೋದಾಗ ನೀವೂ ಜೊತೆಗೆ ಹೋಗಿರಬಹುದು. ಅಂಗಡಿಯವರು ಹಳೆಯ ಚಿನ್ನಕ್ಕೆ ಒಂದು ದರ ಹೇಳುತ್ತಾರೆ, ಹೊಸದಕ್ಕೆ ಇನ್ನೊಂದು. ಗೋಡೆಯ ಮೇಲೆ "ಮಜೂರಿ ಇಲ್ಲ" ಎಂಬ ಫಲಕವೂ ಇರುತ್ತದೆ. ಅಮ್ಮ ಅದಕ್ಕೆಲ್ಲ ಮರುಳಾಗುವುದಿಲ್ಲ. "ಅದೆಲ್ಲ ಇರಲಿ, ಕಡೆಗೆ ನಾನು ಎಷ್ಟು ಕೊಡಬೇಕು, ನನಗೆ ಎಷ್ಟು ಬರುತ್ತದೆ, ಅದನ್ನು ಹೇಳಿ" ಎಂದು ಕೇಳುತ್ತಾರೆ.

ಪರದೇಶದಲ್ಲಿ ಹಣ ಬದಲಿಸುವವರು ಕೇಳಬೇಕಾದ ಪ್ರಶ್ನೆಯೂ ಇದೇ. ಇಂದು ಮನೆಮಂದಿಯೊಡನೆ ಪ್ರವಾಸಕ್ಕೆ, ಕ್ರೀಡಾಕೂಟಕ್ಕೆ, ವಿಜ್ಞಾನ ಸ್ಪರ್ಧೆಗೆ, ಉನ್ನತ ವ್ಯಾಸಂಗಕ್ಕೆ ಎಂದು ನಿಮ್ಮ ವಯಸ್ಸಿನ ಅನೇಕರು ವಿದೇಶಕ್ಕೆ ಹೋಗುತ್ತಿದ್ದಾರೆ. ಕೈಯಲ್ಲಿರುವುದು ತಂದೆತಾಯಿ ವರ್ಷಗಟ್ಟಲೆ ಉಳಿಸಿದ ಹಣ. ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ನೋಟನ್ನು ಎಣಿಸುವಾಗ ಅದರಲ್ಲಿ ಒಂದು ಪಾಲು ಕೈಜಾರುವುದು ಸುಲಭ. ಹಣವನ್ನು ಎಲ್ಲಿ ಬದಲಿಸಬೇಕು, ಹೇಗೆ ಬದಲಿಸಬೇಕು ಎಂಬುದನ್ನು ಈಗ ನೋಡೋಣ.

ಎರಡು ದರಗಳ ಗುಟ್ಟು

ನಾಣ್ಯ ವಿನಿಮಯದ ಅಂಗಡಿಯ ಮುಂದೆ ಒಂದು ದರಪಟ್ಟಿ ಇರುತ್ತದೆ. ಪ್ರತಿ ದೇಶದ ಹಣಕ್ಕೂ ಅದರಲ್ಲಿ ಎರಡು ಅಂಕಿಗಳು: ಒಂದು "ಕೊಳ್ಳುವ ದರ", ಇನ್ನೊಂದು "ಮಾರುವ ದರ". ಇಲ್ಲಿ ಕೊಳ್ಳುವವರು, ಮಾರುವವರು ಅಂಗಡಿಯವರೇ ಎಂಬುದನ್ನು ಮರೆಯಬಾರದು. ನೀವು ಡಾಲರ್ ಕೊಟ್ಟು ಆ ದೇಶದ ಹಣ ಪಡೆಯುವಾಗ ಅಂಗಡಿಯವರು ನಿಮ್ಮ ಡಾಲರನ್ನು ಕೊಳ್ಳುತ್ತಾರೆ. ಆದ್ದರಿಂದ ನಿಮಗೆ ಸಲ್ಲುವುದು "ಕೊಳ್ಳುವ ದರ". ಸಾಮಾನ್ಯವಾಗಿ ಇದು ಎರಡರಲ್ಲಿ ಕಡಿಮೆಯ ಅಂಕಿ.

ಈ ಎರಡು ದರಗಳ ನಡುವಿನ ಅಂತರವೇ ಅಂಗಡಿಯ ಲಾಭ. ಲೆಕ್ಕಕ್ಕೆಂದು ಒಂದು ಉದಾಹರಣೆ ಹಿಡಿಯೋಣ. ಒಂದು ಬ್ಯಾಂಕು ಡಾಲರನ್ನು 90 ರೂಪಾಯಿಗೆ ಮಾರುತ್ತದೆ, 88 ರೂಪಾಯಿಗೆ ಕೊಳ್ಳುತ್ತದೆ ಎನ್ನಿ. 300 ಡಾಲರ್ ಕೊಳ್ಳಲು ನೀವು 27,000 ರೂಪಾಯಿ ಕೊಡುತ್ತೀರಿ. ಪ್ರವಾಸ ರದ್ದಾಯಿತು, ಅದೇ ಸಂಜೆ ಹಿಂದಕ್ಕೆ ಕೊಟ್ಟಿರಿ. ನಿಮಗೆ ಬರುವುದು 26,400 ರೂಪಾಯಿ. ಯಾರೂ ಕಮಿಷನ್ ಕೇಳಲಿಲ್ಲ, ಆದರೂ 600 ರೂಪಾಯಿ ಹೋಯಿತು. ಅಂತರ ಕಡಿಮೆಯಿದ್ದಷ್ಟೂ ನಿಮಗೆ ಲಾಭ, ಹೆಚ್ಚಿದಷ್ಟೂ ನಷ್ಟ. ಹಣವನ್ನು ಎಷ್ಟು ಸಲ ಬದಲಿಸಿದರೆ ಅಷ್ಟು ಸಲ ಈ ನಷ್ಟ ತಪ್ಪಿದ್ದಲ್ಲ.

ಪತ್ರಿಕೆಯಲ್ಲಿ ಅಥವಾ ಮೊಬೈಲ್ ಫೋನಿನಲ್ಲಿ ಕಾಣುವ ದರವು ಬ್ಯಾಂಕುಗಳ ನಡುವಿನ ಸಗಟು ವ್ಯಾಪಾರದ ದರ. ಅದು ನಿಮಗೆ ಎಲ್ಲಿಯೂ ಸಿಗುವುದಿಲ್ಲ. ಆದರೆ ಅಳತೆಗೋಲಾಗಿ ಅದು ಬಹಳ ಉಪಯುಕ್ತ. ಅಂಗಡಿಯ ದರ ಅದಕ್ಕಿಂತ ನೂರಕ್ಕೆ ಒಂದೆರಡರಷ್ಟು ಕಡಿಮೆಯಿದ್ದರೆ ಒಪ್ಪಬಹುದು. ನೂರಕ್ಕೆ ಹತ್ತರಷ್ಟು ಕಡಿಮೆಯಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಹೊರಡುವ ಮುನ್ನ

ವಿದೇಶಿ ಹಣ ನಮ್ಮ ದೇಶದಲ್ಲಿ ಬಹುಕಾಲ ದುರ್ಲಭ ವಸ್ತುವಾಗಿತ್ತು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ಬಹಳ ಬಿಗಿಯಾದದ್ದು. 1991ರಲ್ಲಿ ದೇಶದ ಬಳಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ವಿದೇಶಿ ಹಣ ಉಳಿದಿತ್ತು. ಆಗ ಚಿನ್ನವನ್ನೇ ಹೊರದೇಶಕ್ಕೆ ಕಳಿಸಿ ಅಡವಿಟ್ಟು ಸಾಲ ತರಬೇಕಾಯಿತು. ಅನಂತರ ಆರ್ಥಿಕ ಸುಧಾರಣೆಗಳು ಬಂದವು. 1999ರಲ್ಲಿ ಅಂಗೀಕಾರವಾದ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ "ಫೆಮಾ", 2000ದ ಜೂನ್ 1ರಿಂದ ಜಾರಿಗೆ ಬಂದಿತು. 2004ರಲ್ಲಿ ರಿಸರ್ವ್ ಬ್ಯಾಂಕು ಉದಾರೀಕೃತ ರವಾನೆ ಯೋಜನೆಯನ್ನು ಆರಂಭಿಸಿದಾಗ ಒಬ್ಬರಿಗೆ ವರ್ಷಕ್ಕೆ 25,000 ಡಾಲರಿನ ಮಿತಿಯಿತ್ತು. ಈಗ ಅದು ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್. 18 ವರ್ಷ ತುಂಬದವರಿಗೂ ಈ ಸೌಲಭ್ಯವಿದೆ; ಅವರ ಪರವಾಗಿ ಪೋಷಕರು ಅರ್ಜಿಗೆ ಸಹಿ ಮಾಡಬೇಕು.

ಇಷ್ಟು ಸಡಿಲವಾದರೂ ಒಂದು ನಿಯಮ ಬದಲಾಗಿಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವವರಿಂದ ಮಾತ್ರ ವಿದೇಶಿ ಹಣ ಕೊಳ್ಳಬೇಕು. ಬ್ಯಾಂಕುಗಳ ವಿದೇಶಿ ವಿನಿಮಯ ಶಾಖೆಗಳು ಮತ್ತು ಪರವಾನಗಿ ಪಡೆದ ನಾಣ್ಯ ವಿನಿಮಯಗಾರರು ಈ ಗುಂಪಿಗೆ ಸೇರಿದವರು. ಅವರು ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ಪ್ರಯಾಣದ ವಿವರ ಕೇಳುತ್ತಾರೆ, ರಸೀದಿ ಕೊಡುತ್ತಾರೆ. ಇದನ್ನೆಲ್ಲ ಕೇಳದೆ "ಒಳ್ಳೆಯ ದರ ಕೊಡುತ್ತೇನೆ" ಎನ್ನುವ ಪರಿಚಯಸ್ಥರಿಂದ ಕೊಂಡರೆ ಅದು ಕಾನೂನಿಗೆ ವಿರುದ್ಧ. ಫೆಮಾ ಕಾಯ್ದೆಯಡಿ, ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. ನೋಟು ಖೋಟಾ ಎಂದು ಆಮೇಲೆ ಗೊತ್ತಾದರೆ ದೂರು ಕೊಡಲು ಕೈಯಲ್ಲಿ ರಸೀದಿಯೂ ಇರುವುದಿಲ್ಲ.

ಕೆಲವು ಮಿತಿಗಳನ್ನು ತಿಳಿದಿರಬೇಕು. ಹೆಚ್ಚಿನ ದೇಶಗಳಿಗೆ ಹೋಗುವಾಗ ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ 3,000 ಡಾಲರಿನಷ್ಟನ್ನು ಕೊಳ್ಳಬಹುದು. ಉಳಿದದ್ದನ್ನು ಕಾರ್ಡಿನಲ್ಲಿ ಒಯ್ಯಬೇಕು. ವಿನಿಮಯಗಾರರಿಗೆ ನೀವು ಕೊಡುವ ಮೊತ್ತ 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ನಗದಾಗಿ ಕೊಡುವಂತಿಲ್ಲ. ಚೆಕ್ಕು, ಡ್ರಾಫ್ಟು, ಬ್ಯಾಂಕ್ ವರ್ಗಾವಣೆ ಮುಂತಾದ ಮಾರ್ಗದಲ್ಲೇ ಪಾವತಿಸಬೇಕು. ನಮ್ಮ ರೂಪಾಯಿ ನೋಟುಗಳನ್ನು 25,000ದವರೆಗೆ ಜೊತೆಗೆ ಇಟ್ಟುಕೊಂಡು ಹೋಗಬಹುದು. ಹಿಂತಿರುಗಿದ ದಿನ ವಿಮಾನ ನಿಲ್ದಾಣದಿಂದ ಊರಿಗೆ ಬರಲು ಅದು ಬೇಕಾಗುತ್ತದೆ. ನೇಪಾಳ, ಭೂತಾನಗಳಿಗೆ ಬೇರೆ ನಿಯಮಗಳಿವೆ. ಹೊರಡುವ ಮುನ್ನ ಬ್ಯಾಂಕಿನಲ್ಲಿ ವಿಚಾರಿಸಿ.

ವಿಮಾನ ನಿಲ್ದಾಣದಲ್ಲಿ ಕೊಂಡರಾಯಿತು ಎಂದು ಕೊನೆಯ ಗಳಿಗೆಯವರೆಗೆ ಕಾಯಬೇಡಿ. ಅಲ್ಲಿ ಮಳಿಗೆಯ ಬಾಡಿಗೆ ಹೆಚ್ಚು, ಗಿರಾಕಿಗೆ ಬೇರೆ ದಾರಿಯಿಲ್ಲ. ಆದ್ದರಿಂದ ದರವೂ ಸಾಮಾನ್ಯವಾಗಿ ದುಬಾರಿ. ಒಂದು ವಾರ ಮೊದಲೇ ಎರಡು ಮೂರು ಕಡೆ ವಿಚಾರಿಸಿ. ವಿಚಾರಿಸುವಾಗ "ಡಾಲರಿಗೆ ಎಷ್ಟು?" ಎಂದು ಕೇಳಬೇಡಿ. "300 ಡಾಲರಿಗೆ ತೆರಿಗೆ, ಶುಲ್ಕ ಎಲ್ಲ ಸೇರಿ ಎಷ್ಟು ಕೊಡಬೇಕು?" ಎಂದು ಕೇಳಿ.

ಇನ್ನು ಹೊರದೇಶದಲ್ಲಿ ಏನು ನಡೆಯುತ್ತದೆ? ಪ್ರವಾಸಿಗರು ಹೆಚ್ಚಾಗಿ ಹೋಗುವ ಮೂರು ಊರುಗಳನ್ನು ತೆಗೆದುಕೊಳ್ಳೋಣ. ಒಂದೊಂದು ಊರಿನಿಂದ ಒಂದೊಂದು ಪಾಠ.

ಬ್ಯಾಂಕಾಕ್: ಒಂದೇ ಕಟ್ಟಡ, ಎರಡು ದರ

ಥಾಯ್ಲೆಂಡಿನ ಹಣ ಬಾತ್. ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಸಾಮಾನು ಪಡೆದು ಹೊರಬಂದ ಕೂಡಲೇ ಸಾಲಾಗಿ ಬ್ಯಾಂಕುಗಳ ವಿನಿಮಯ ಕೌಂಟರುಗಳು ಎದುರಾಗುತ್ತವೆ. ದಣಿದ ಪ್ರವಾಸಿಗರು ಅಲ್ಲಿಯೇ ಸಾಲು ನಿಲ್ಲುತ್ತಾರೆ. ಅವು ಸುರಕ್ಷಿತವೇ, ಮೋಸವಿಲ್ಲ. ಆದರೆ ದರ ಕಡಿಮೆ. ಅದೇ ಕಟ್ಟಡದ ತಳ ಅಂತಸ್ತಿಗೆ, ನಗರಕ್ಕೆ ಹೋಗುವ ರೈಲಿನ ನಿಲ್ದಾಣದ ಬಳಿಗೆ ಇಳಿದರೆ ಖಾಸಗಿ ವಿನಿಮಯಗಾರರ ಚಿಕ್ಕ ಚಿಕ್ಕ ಕೌಂಟರುಗಳಿವೆ. ಅಲ್ಲಿ ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ಕುಳಿತು ಪೈಪೋಟಿಯಲ್ಲಿ ವ್ಯಾಪಾರ ಮಾಡುವುದರಿಂದ ದರ ನಗರದ ಒಳಗಿನ ದರಕ್ಕೆ ಹತ್ತಿರವಿರುತ್ತದೆ. ಅವರಿಗೂ ಆ ದೇಶದ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಥಾಯ್ಲೆಂಡ್ ವ್ಯವಸ್ಥೆಯಡಿ ಪರವಾನಗಿ ಇರಬೇಕು. ಹಣ ಬದಲಿಸುವಾಗ ಪಾಸ್‌ಪೋರ್ಟ್ ಕೇಳುತ್ತಾರೆ. ಅದು ಒಳ್ಳೆಯ ಲಕ್ಷಣ.

ನಗರದಲ್ಲಿ ರಾಚದಮ್ರಿ, ಪ್ರತುನಾಮ್ ಎಂಬ ವ್ಯಾಪಾರದ ಪ್ರದೇಶಗಳಲ್ಲಿ ಹೆಸರಾಂತ ವಿನಿಮಯ ಸಂಸ್ಥೆಗಳಿವೆ. ಅಲ್ಲಿನ ದರಪಟ್ಟಿಯಲ್ಲಿ ಒಂದು ವಿಶೇಷ ಗಮನಿಸಬಹುದು. 100 ಡಾಲರಿನ ನೋಟಿಗೆ ಒಂದು ದರ, 20 ಡಾಲರಿನ ನೋಟಿಗೆ ಅದಕ್ಕಿಂತ ಕಡಿಮೆ, 1 ಡಾಲರಿನ ನೋಟಿಗೆ ಇನ್ನೂ ಕಡಿಮೆ! ಚಿಕ್ಕ ನೋಟುಗಳನ್ನು ಎಣಿಸುವ, ಸಾಗಿಸುವ ಶ್ರಮಕ್ಕೆ ಅವರು ಹೀಗೆ ಬೆಲೆ ಕಟ್ಟುತ್ತಾರೆ. ಆದ್ದರಿಂದ ಊರಿನಲ್ಲಿ ಕೊಳ್ಳುವಾಗಲೇ ಬದಲಿಸಬೇಕಾದ ಹಣವನ್ನು ದೊಡ್ಡ ನೋಟುಗಳಲ್ಲಿ ಕೇಳಿ ಪಡೆಯಿರಿ.

ಊರಿನಲ್ಲೇ ನೇರವಾಗಿ ಬಾತ್ ಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಕೊಳ್ಳಬಹುದು, ಆದರೆ ಲೆಕ್ಕ ಹಾಕಿ ಕೊಳ್ಳಿ. ಮೇಲಿನ ಉದಾಹರಣೆಯ 27,000 ರೂಪಾಯಿಗೆ 300 ಡಾಲರ್ ಬಂದಿತು. ಬ್ಯಾಂಕಾಕಿನಲ್ಲಿ ಒಂದು ಡಾಲರಿಗೆ 32 ಬಾತ್ ಎಂದು ಹಿಡಿದರೆ 9,600 ಬಾತ್ ಆಯಿತು. ಊರಿನಲ್ಲಿ ಒಂದು ಬಾತ್‌ಗೆ 2 ರೂಪಾಯಿ 90 ಪೈಸೆ ಕೇಳಿದರೆ ಅದೇ ಹಣಕ್ಕೆ ಸುಮಾರು 9,310 ಬಾತ್ ಮಾತ್ರ. ಇಲ್ಲಿ ಎರಡು ಸಲ ಬದಲಿಸಿದ್ದೇ ಲಾಭವಾಯಿತು. ಬಾತ್ ದರ 2 ರೂಪಾಯಿ 80 ಪೈಸೆಯಾಗಿದ್ದರೆ 9,640 ಬಾತ್ ಬರುತ್ತಿತ್ತು, ಆಗ ನೇರವಾಗಿ ಕೊಳ್ಳುವುದೇ ಲಾಭ. ಹಾಗಾಗಿ "ಡಾಲರೇ ಒಳ್ಳೆಯದು" ಎಂಬ ಮಾತನ್ನು ಕಣ್ಣುಮುಚ್ಚಿ ನಂಬಬೇಡಿ.

ಬ್ಯಾಂಕಾಕಿನ ಪಾಠ ಇಷ್ಟು: ಇಳಿದ ಜಾಗದಲ್ಲಿ ಊಟಕ್ಕೆ, ವಾಹನಕ್ಕೆ ಬೇಕಾದಷ್ಟು ಮಾತ್ರ ಬದಲಿಸಿ. ಉಳಿದದ್ದಕ್ಕೆ ನಾಲ್ಕು ಹೆಜ್ಜೆ ಹೆಚ್ಚು ನಡೆಯಿರಿ.

ಬಾಲಿ: ಎಣಿಕೆಯ ಕೈಚಳಕ

ಇಂಡೋನೇಷ್ಯದ ಬಾಲಿ ದ್ವೀಪದಲ್ಲಿ ಹಣದ ಹೆಸರು ರುಪಿಯಾ. ಅಲ್ಲಿನ ಅತಿ ದೊಡ್ಡ ನೋಟು 1,00,000 ರುಪಿಯಾದ್ದು. 100 ಡಾಲರ್ ಕೊಟ್ಟರೆ ಹತ್ತು ಲಕ್ಷಕ್ಕೂ ಹೆಚ್ಚು ರುಪಿಯಾ ಕೈಗೆ ಬರುತ್ತದೆ. ಇಷ್ಟೊಂದು ಸೊನ್ನೆಗಳನ್ನು ಕಂಡ ಹೊಸಬರಿಗೆ ತಲೆ ಗಿರ್ರೆನ್ನುತ್ತದೆ. ಮೋಸಗಾರರಿಗೆ ಬೇಕಾದದ್ದೂ ಅದೇ.

ಕುಟಾ, ಲೇಗಿಯಾನ್ ಮುಂತಾದ ಪ್ರವಾಸಿ ಬೀದಿಗಳಲ್ಲಿ, ಬಟ್ಟೆ ಅಂಗಡಿಯ ಹಿಂದೆ ಅಥವಾ ಓಣಿಯ ಒಳಗೆ ಒಂದು ಮೇಜು ಹಾಕಿಕೊಂಡು ಕುಳಿತವರು ಉಳಿದೆಲ್ಲರಿಗಿಂತ ಹೆಚ್ಚಿನ ದರದ ಫಲಕ ನೇತುಹಾಕಿರುತ್ತಾರೆ. ಅಲ್ಲಿ ನಡೆಯುವುದು ಹೀಗೆ. ದೊಡ್ಡ ನೋಟು ಮುಗಿದಿದೆ ಎಂದು ಹೇಳಿ ಚಿಕ್ಕ ನೋಟುಗಳ ಕಟ್ಟುಗಳನ್ನು ತೆಗೆಯುತ್ತಾರೆ. ಮೇಜಿನ ಮೇಲೆ ಸಣ್ಣ ಸಣ್ಣ ರಾಶಿಗಳಾಗಿ ಹರಡುತ್ತಾರೆ. ನಿಮ್ಮಿಂದಲೇ ಎಣಿಸುತ್ತಾರೆ, ಲೆಕ್ಕ ಸರಿಯಾಗಿಯೇ ಇರುತ್ತದೆ. ಆಮೇಲೆ "ಇನ್ನೊಮ್ಮೆ ಎಣಿಸಿ ಕೊಡುತ್ತೇನೆ" ಎಂದು ನೋಟುಗಳನ್ನು ಹಿಂದಕ್ಕೆ ತೆಗೆದುಕೊಂಡು, ಮೇಜಿನ ಅಂಚಿಗೆ ತಟ್ಟಿ ಜೋಡಿಸುವ ನೆಪದಲ್ಲಿ ಕೆಲವನ್ನು ತಮ್ಮ ಕಡೆ ಕೆಳಕ್ಕೆ ಬೀಳಿಸುತ್ತಾರೆ. ಈ ಹೊತ್ತಿಗೆ ಜೊತೆಗಾರನೊಬ್ಬ "ಯಾವ ದೇಶ? ಇಂಡಿಯಾ?" ಎಂದು ಮಾತಿಗೆಳೆಯುತ್ತಾನೆ. ನೀವು ಹೋಟೆಲಿಗೆ ಹೋಗಿ ಎಣಿಸಿದಾಗ ನೋಟು ಕಡಿಮೆ.

ಇದಕ್ಕೆ ಮದ್ದು ಸರಳವಾಗಿದೆ. ಕೊನೆಯ ಎಣಿಕೆ ನಿಮ್ಮದಾಗಿರಬೇಕು. ಎಣಿಸಿದ ಹಣ ನಿಮ್ಮ ಕೈಗೆ ಬಂದ ಮೇಲೆ ಮತ್ತೆ ಅವರ ಕೈಗೆ ಹೋಗಬಾರದು. ಒಂದು ವೇಳೆ ಹೋದರೆ ಮತ್ತೆ ಮೊದಲಿನಿಂದ ಎಣಿಸಿ. ಲೆಕ್ಕ ಮುಗಿಯುವವರೆಗೆ ನಿಮ್ಮ ಡಾಲರನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಅವರ ಕ್ಯಾಲ್ಕುಲೇಟರನ್ನು ನಂಬದೆ ನಿಮ್ಮ ಫೋನಿನಲ್ಲಿ ಗುಣಿಸಿ. ಇಬ್ಬರಾಗಿ ಹೋಗಿ: ಒಬ್ಬರು ಎಣಿಸಲಿ, ಇನ್ನೊಬ್ಬರು ಕೈಗಳನ್ನು ನೋಡುತ್ತಿರಲಿ. ಸಂಶಯ ಬಂದರೆ "ಬೇಡ" ಎಂದು ನಿಮ್ಮ ಹಣದೊಡನೆ ಎದ್ದು ಬನ್ನಿ. ಅದರಲ್ಲಿ ಸಂಕೋಚವೇನೂ ಇಲ್ಲ.

ಅಲ್ಲಿ ಪ್ರಾಮಾಣಿಕ ವಿನಿಮಯಗಾರರೂ ಬೇಕಾದಷ್ಟು ಇದ್ದಾರೆ. ಇಂಡೋನೇಷ್ಯದ ಕೇಂದ್ರ ಬ್ಯಾಂಕಾದ ಬ್ಯಾಂಕ್ ಇಂಡೋನೇಷ್ಯ ಅವರಿಗೆ ಪರವಾನಗಿ ಕೊಡುತ್ತದೆ. ಅಂಥ ಕಚೇರಿಯಲ್ಲಿ "ಬೆರಿಝಿನ್" ಎಂಬ ಪದವಿರುವ ಲಾಂಛನವನ್ನು ಹಾಕಿರುತ್ತಾರೆ. ಪರವಾನಗಿ ಇದೆ ಎಂದು ಅದರ ಅರ್ಥ. ಗಾಜಿನ ಕೌಂಟರು, ಎಣಿಸುವ ಯಂತ್ರ, ಮುದ್ರಿತ ರಸೀದಿ ಇರುವ ಕಚೇರಿಯನ್ನೇ ಆರಿಸಿಕೊಳ್ಳಿ. ಇನ್ನೊಂದು ಮಾತು: ಅಲ್ಲಿ ಮಡಿಸಿದ, ಹರಿದ, ಗೀಚಿದ ಡಾಲರ್ ನೋಟುಗಳನ್ನು ಬೇಡವೆನ್ನುವುದುಂಟು, ಇಲ್ಲವೆ ಕಡಿಮೆ ದರ ಕೊಡುವುದುಂಟು. ಊರಿನಲ್ಲಿ ಕೊಳ್ಳುವಾಗ ಹೊಸದಾದ ನೋಟುಗಳನ್ನೇ ಕೇಳಿ.

ಪ್ರಾಗ್: "ಕಮಿಷನ್ ಇಲ್ಲ"

ಬಾಲಿಯಲ್ಲಿ ಮೋಸ ಕೈಯಲ್ಲಿತ್ತು. ಯೂರೋಪಿನ ಪ್ರಾಗ್ ನಗರದಲ್ಲಿ ಅದು ಬಹುಕಾಲ ಫಲಕದಲ್ಲೇ ಇತ್ತು. ಚೆಕ್ ಗಣರಾಜ್ಯ 2004ರಲ್ಲಿ ಯೂರೋಪಿಯನ್ ಒಕ್ಕೂಟಕ್ಕೆ ಸೇರಿದರೂ ಯೂರೋವನ್ನು ತನ್ನ ಹಣವಾಗಿ ಮಾಡಿಕೊಂಡಿಲ್ಲ. ಅಲ್ಲಿ ನಡೆಯುವುದು ಕೊರುನಾ. ಹಾಗಾಗಿ ಅಕ್ಕಪಕ್ಕದ ದೇಶಗಳಿಂದ ಯೂರೋ ಹಿಡಿದು ಬಂದವರೆಲ್ಲ ಹಣ ಬದಲಿಸಬೇಕಾಗುತ್ತದೆ.

ಹಳೆಯ ಪಟ್ಟಣದ ಬೀದಿಗಳಲ್ಲಿ ಕೆಲವು ಅಂಗಡಿಗಳು "ಕಮಿಷನ್ 0" ಎಂದು ದೊಡ್ಡದಾಗಿ ಬರೆಯುತ್ತಿದ್ದವು. ಪಕ್ಕದಲ್ಲಿ ಕಣ್ಣು ಕುಕ್ಕುವ ಒಂದು ಒಳ್ಳೆಯ ದರ. ಅದು ಅಂಗಡಿಯವರು ಯೂರೋವನ್ನು ಮಾರುವ ದರ, ಕೊಳ್ಳುವ ದರವಲ್ಲ! ಇಲ್ಲವೆ ಬಹಳ ದೊಡ್ಡ ಮೊತ್ತಕ್ಕೆ ಮಾತ್ರ ಸಿಗುವ ದರ. ಸಾಮಾನ್ಯ ಪ್ರವಾಸಿಗೆ ಸಿಗುತ್ತಿದ್ದದ್ದು ಅದಕ್ಕಿಂತ ಎಷ್ಟೋ ಕಡಿಮೆ. ರಸೀದಿಗೆ ಸಹಿ ಮಾಡಿದ ಮೇಲೆ ವಾಪಸು ಕೇಳಿದರೆ "ಫಲಕದಲ್ಲಿ ಬರೆದಿದೆಯಲ್ಲ" ಎಂಬ ಉತ್ತರ. ಕಮಿಷನ್ ಇಲ್ಲ ಎಂದದ್ದು ಸುಳ್ಳಾಗಿರಲಿಲ್ಲ. ಲಾಭವನ್ನು ದರದೊಳಗೇ ಅಡಗಿಸಿದ್ದರು, ಅಷ್ಟೆ. ಚಿನ್ನದಂಗಡಿಯ "ಮಜೂರಿ ಇಲ್ಲ" ನೆನಪಾಯಿತೇ?

ದೂರುಗಳು ಹೆಚ್ಚಾದಾಗ ಸರ್ಕಾರ ಕಾನೂನನ್ನು ತಿದ್ದಿತು. 2019ರ ಏಪ್ರಿಲ್ 1ರಿಂದ ಅಲ್ಲಿ 1,000 ಯೂರೋ ಮೌಲ್ಯದವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿ ಹಣ ವಾಪಸು ಪಡೆಯುವ ಹಕ್ಕು ಗಿರಾಕಿಗೆ ಇದೆ. ಅದಕ್ಕೆ ರಸೀದಿ ಬೇಕು. ರಸೀದಿಯ ಬೆಲೆ ಏನೆಂಬುದು ಇದರಿಂದ ತಿಳಿಯುತ್ತದೆ.

ಆದರೆ ಈ ಕಾನೂನು ಬೀದಿಯ ವ್ಯಾಪಾರಿಯಿಂದ ನಿಮ್ಮನ್ನು ಕಾಪಾಡಲಾರದು. ಪ್ರಾಗ್‌ನಲ್ಲಿ ಅಪರಿಚಿತರೊಬ್ಬರು ಹತ್ತಿರ ಬಂದು "ಅಂಗಡಿಗಿಂತ ಒಳ್ಳೆಯ ದರ" ಎಂದು ಪಿಸುಗುಟ್ಟಿ, ಕೊರುನಾ ಬದಲು ಹಂಗೆರಿ ಅಥವಾ ಬೆಲಾರುಸ್ ದೇಶದ ನೋಟು ಕೊಟ್ಟು ಮಾಯವಾದ ಪ್ರಸಂಗಗಳು ನಡೆದಿವೆ. ನೋಟು ಅಸಲಿಯೇ, ಆದರೆ ಆ ದೇಶದ್ದಲ್ಲ. ಹೊಸ ದೇಶಕ್ಕೆ ಹೋಗುವ ಮುನ್ನ ಅಲ್ಲಿನ ನೋಟುಗಳ ಚಿತ್ರವನ್ನು ಆ ದೇಶದ ಕೇಂದ್ರ ಬ್ಯಾಂಕಿನ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ಬೀದಿಯಲ್ಲಿ ಹಣ ಬದಲಿಸುವುದಂತೂ ಯಾವ ದೇಶದಲ್ಲೂ ಬೇಡ.

ಕಾರ್ಡು ಮತ್ತು ಎಟಿಎಂ

ಹಿಂದಿನ ಪ್ರವಾಸಿಗರಿಗೆ ಪ್ರವಾಸಿ ಚೆಕ್ಕುಗಳ ಆಸರೆ ಇತ್ತು. ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ 1891ರಲ್ಲಿ ಅವನ್ನು ಹೊರತಂದಿತು. ಈಗ ಅವು ಹೆಚ್ಚುಕಡಿಮೆ ಮರೆಯಾಗಿವೆ. ಅವುಗಳ ಜಾಗಕ್ಕೆ ಮುಂಗಡ ಹಣ ತುಂಬಿಸಿದ ವಿದೇಶಿ ವಿನಿಮಯ ಕಾರ್ಡು ಬಂದಿದೆ. ಹಣ ತುಂಬಿದ ದಿನದ ದರ ಅದರಲ್ಲಿ ನಿಗದಿಯಾಗುತ್ತದೆ. ಕಳೆದುಹೋದರೆ ಫೋನು ಮಾಡಿ ನಿಲ್ಲಿಸಬಹುದು. ಕಳೆದ ನೋಟಿಗೆ ಆ ಅನುಕೂಲವಿಲ್ಲ. ಮಾಮೂಲಿ ಬ್ಯಾಂಕ್ ಕಾರ್ಡೂ ಹೊರದೇಶದಲ್ಲಿ ನಡೆಯುತ್ತದೆ, ಆದರೆ ಅನೇಕ ಬ್ಯಾಂಕುಗಳು ಪ್ರತಿ ಖರ್ಚಿನ ಮೇಲೆ ಶೇ. 2ರಿಂದ 3.5ರಷ್ಟು ಶುಲ್ಕ ಮತ್ತು ಅದರ ಮೇಲೆ ತೆರಿಗೆ ಹಾಕುತ್ತವೆ. ಇನ್ನೊಂದು ವಿಷಯ: 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳು ಮೊದಲು ದೇಶದೊಳಗೆ ಮಾತ್ರ ಕೆಲಸ ಮಾಡುತ್ತವೆ. ಹೊರದೇಶದ ಬಳಕೆಯನ್ನು ನೀವೇ ತೆರೆಸಿಕೊಳ್ಳಬೇಕು. ಇದನ್ನು ಊರು ಬಿಡುವ ಮುನ್ನ ಮಾಡಿಸಿ.

ಎಟಿಎಂ ಬಳಸುವಾಗ ಬ್ಯಾಂಕಿನ ಕಟ್ಟಡದಲ್ಲಿರುವ ಯಂತ್ರವನ್ನೇ ಆರಿಸಿ. ಕಾರ್ಡು ಸಿಕ್ಕಿಕೊಂಡರೆ ಕೇಳಲು ಒಳಗೆ ಜನರಿರುತ್ತಾರೆ. ಥಾಯ್ಲೆಂಡಿನಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲವೂ 200 ಬಾತ್‌ಗಿಂತ ಹೆಚ್ಚು ಶುಲ್ಕವಿದೆ. 200 ಎಂದೇ ಹಿಡಿದರೂ 2,000 ಬಾತ್ ತೆಗೆದಾಗ ಅದು ನೂರಕ್ಕೆ 10, 20,000 ತೆಗೆದಾಗ ನೂರಕ್ಕೆ 1. ಹಾಗಾಗಿ ಪದೇ ಪದೇ ಸ್ವಲ್ಪ ಸ್ವಲ್ಪ ತೆಗೆಯುವುದು ನಷ್ಟ.

ಯಂತ್ರ ಅಥವಾ ಅಂಗಡಿಯವರು ಕೆಲವೊಮ್ಮೆ ಕೇಳುತ್ತಾರೆ: "ನಿಮ್ಮ ಖಾತೆಯಿಂದ ಬಾತ್ ಲೆಕ್ಕದಲ್ಲಿ ತೆಗೆಯಲೇ, ರೂಪಾಯಿ ಲೆಕ್ಕದಲ್ಲಿ ತೆಗೆಯಲೇ?" ರೂಪಾಯಿ ಎಂದರೆ ನಮಗೆ ಪರಿಚಿತ, ಸಮಾಧಾನ. ಆದರೆ ಆಗ ದರವನ್ನು ಗೊತ್ತುಮಾಡುವುದು ಆ ಯಂತ್ರದವರು ಅಥವಾ ಅಂಗಡಿಯವರ ಬ್ಯಾಂಕು, ಅದರಲ್ಲಿ ಅವರ ಲಾಭವೂ ಸೇರಿರುತ್ತದೆ. ಯಾವ ದೇಶದಲ್ಲಿದ್ದೀರೋ ಆ ದೇಶದ ಹಣವನ್ನೇ ಒತ್ತಿ.

ಎಲ್ಲ ಹಣವನ್ನೂ ಒಂದೇ ಕಡೆ ಇಡಬೇಡಿ. ಸ್ವಲ್ಪ ನಗದು, ಒಂದು ಕಾರ್ಡು, ಬೇರೆ ಚೀಲದಲ್ಲಿ ಇನ್ನೊಂದು ಕಾರ್ಡು ಇರಲಿ. ಯುಪಿಐ ಕೆಲವು ದೇಶಗಳ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ, ಆದರೆ ಅದೊಂದನ್ನೇ ನಂಬಿ ಹೊರಡುವ ಕಾಲ ಇನ್ನೂ ಬಂದಿಲ್ಲ.

ಹಿಂತಿರುಗಿದ ಮೇಲೆ

ಉಳಿದ ವಿದೇಶಿ ನೋಟುಗಳನ್ನು ಹಿಂತಿರುಗಿದ 180 ದಿನಗಳೊಳಗೆ ಪರವಾನಗಿ ಇರುವವರಿಗೆ ಮಾರಬೇಕು. ಮುಂದಿನ ಪ್ರವಾಸಕ್ಕೆಂದು 2,000 ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಲು ಅವಕಾಶವಿದೆ. ನಾಣ್ಯಗಳನ್ನು ಮಾತ್ರ ಸಾಮಾನ್ಯವಾಗಿ ಯಾರೂ ಬದಲಿಸಿ ಕೊಡುವುದಿಲ್ಲ. ಕೊನೆಯ ದಿನ ಚಹಾಕ್ಕೋ ನೀರಿಗೋ ಅವನ್ನು ಖರ್ಚುಮಾಡಿ. ಕೆಲವು ವಿಮಾನಗಳಲ್ಲಿ ಯುನಿಸೆಫ್ ಸಂಸ್ಥೆಯ ಲಕೋಟೆ ಕೊಡುತ್ತಾರೆ; 1987ರಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ಪ್ರವಾಸಿಗರ ಉಳಿದ ಚಿಲ್ಲರೆ ಮಕ್ಕಳ ನೆರವಿಗೆ ಹೋಗುತ್ತದೆ.

ನೆನಪಿನಲ್ಲಿಡಿ

• ಪರವಾನಗಿ ಇರುವ ಕಡೆ ಮಾತ್ರ ಹಣ ಬದಲಿಸಿ, ಬೀದಿಯಲ್ಲಿ ಬೇಡ.
• "ನನ್ನ ಕೈಗೆ ಒಟ್ಟು ಎಷ್ಟು ಬರುತ್ತದೆ?" ಎಂದು ಹಣ ಕೊಡುವ ಮೊದಲೇ ಕೇಳಿ.
• ಕೊನೆಯ ಎಣಿಕೆ ನಿಮ್ಮದೇ ಆಗಿರಲಿ.
• ರಸೀದಿ ಪಡೆದು ಊರಿಗೆ ಬರುವವರೆಗೆ ಇಟ್ಟುಕೊಳ್ಳಿ.
• ಎಲ್ಲರಿಗಿಂತ ಒಳ್ಳೆಯ ದರ ಕಂಡರೆ ಎರಡು ಸಲ ಯೋಚಿಸಿ.

ಲೆಕ್ಕ ಮಾಡಿ ನೋಡಿ

ಒಂದು ಅಂಗಡಿ ಡಾಲರಿಗೆ 30.50 ಬಾತ್ ಕೊಡುತ್ತದೆ, ಶುಲ್ಕವಿಲ್ಲ. ಇನ್ನೊಂದು 31.60 ಬಾತ್ ಕೊಡುತ್ತದೆ, ಆದರೆ ಪ್ರತಿ ಸಲಕ್ಕೆ 150 ಬಾತ್ ಶುಲ್ಕ. 200 ಡಾಲರ್ ಬದಲಿಸಲು ಯಾವುದು ಲಾಭ? 100 ಡಾಲರಿಗೆ ಯಾವುದು?

ಉತ್ತರ: 200 ಡಾಲರಿಗೆ ಮೊದಲ ಅಂಗಡಿ 6,100 ಬಾತ್, ಎರಡನೆಯದು 6,170 ಬಾತ್ ಕೊಡುತ್ತದೆ. 100 ಡಾಲರಿಗೆ ಮೊದಲನೆಯದು 3,050, ಎರಡನೆಯದು 3,010. ಮೊತ್ತ ಬದಲಾದಾಗ ಉತ್ತರವೂ ಬದಲಾಯಿತು. ನಿಮ್ಮ ಊರಿನ ಬ್ಯಾಂಕಿನಲ್ಲಿ ವಿದೇಶಿ ವಿನಿಮಯದ ದರಪಟ್ಟಿ ಇದ್ದರೆ ಒಮ್ಮೆ ಹೋಗಿ ನೋಡಿ. ಎರಡು ದರಗಳ ಅಂತರವನ್ನು ಬರೆದುಕೊಂಡು, ಯಾವ ದೇಶದ ಹಣಕ್ಕೆ ಅಂತರ ಹೆಚ್ಚು, ಅದಕ್ಕೆ ಕಾರಣವೇನಿರಬಹುದು ಎಂದು ತರಗತಿಯಲ್ಲಿ ಚರ್ಚಿಸಿ.